ಹೊಸ ಟ್ರಾನ್ಸಿಸ್ಟರ್ ಹತ್ತೇ ನಿಮಿಷಕ್ಕೆ ಹೋಯಿತು

ಶಿವಮೊಗ್ಗದಲ್ಲಿ ನನ್ನದು ಟಿವಿ ರಿಪೇರಿ ಅಂಗಡಿ. ಈಗ ಬರುವುದೆಲ್ಲ ಎಲ್‌ಇಡಿ, ಡಬ್ಬ ಟಿವಿ ಬಂದರೆ ವರ್ಷಕ್ಕೆ ಒಂದೋ ಎರಡೋ. ಹಾಗಾಗಿ ಸಾಗರದ ಕಡೆಯವರೊಬ್ಬರು ಪಿಕಪ್‌ನಲ್ಲಿ ಟಾರ್ಪಾಲು ಹೊದಿಸಿಕೊಂಡು, ಕಾಯಿನ್ ಹಾಕಿ ಆಡುವ ಹಳೇ ವಿಡಿಯೋ ಗೇಮ್ ಪೆಟ್ಟಿಗೆ ತಂದು ಇಳಿಸಿದಾಗ ನನಗೆ ಖುಷಿಯಾಯಿತು. ಅವರು ಜಾತ್ರೆಯಿಂದ ಜಾತ್ರೆಗೆ ಗೇಮ್ ಅಂಗಡಿ ಹಾಕುವವರು. ಮಳೆಗಾಲ ಪೂರ್ತಿ ಪೆಟ್ಟಿಗೆ ಅಡಿಕೆ ಗೋದಾಮಿನ ಮೂಲೆಯಲ್ಲಿತ್ತಂತೆ.

"ಸೌಂಡ್ ಬರ್ತದೆ ಮಾರಾಯ್ರೆ, ಪಿಕ್ಚರ್ ಮಾತ್ರ ಇಲ್ಲ. ಥಂಡಿ ಹಿಡಿದಿರಬೇಕು" ಎಂದರು. ನಮ್ಮ ಮಲೆನಾಡಲ್ಲಿ ಏನು ಕೆಟ್ಟರೂ ಮಳೆಯ ಮೇಲೇ ಹಾಕುತ್ತೇವೆ ಅಲ್ವಾ, ನಾನೂ ಹೌದೆಂದೆ.

ಸೌಂಡ್ ಬರ್ತದೆ ಅನ್ನುವ ಮಾತಿಗೆ ಬೆಲೆ ಜಾಸ್ತಿ. ಗೇಮ್ ಬೋರ್ಡಿಗೆ 5 ವೋಲ್ಟಿನ ಸಪ್ಲೈ ಬೇರೆ, ಮಾನಿಟರ್ ಸಪ್ಲೈ ಬೇರೆ. ಅಂದರೆ ಬೋರ್ಡು ಚೆನ್ನಾಗಿದೆ, ಮಾನಿಟರ್ ಒಂದೇ ಸತ್ತಿದೆ. ಹಿಂದೆ ಬಗ್ಗಿ ನೋಡಿದರೆ ಪಿಕ್ಚರ್ ಟ್ಯೂಬಿನ ಕುತ್ತಿಗೆಯಲ್ಲಿ ಕೆಂಪು ಬೆಳಕಿಲ್ಲ. ಆ ಬೆಳಕು ಟ್ಯೂಬಿನೊಳಗಿನ ಹೀಟರಿನದು. ಇಂಥ ಚಾಸಿಸ್‌ನಲ್ಲಿ, ಅಂದರೆ ಮಾನಿಟರಿನ ಬೋರ್ಡಿನಲ್ಲಿ, ಸಾಮಾನ್ಯವಾಗಿ ಹೀಟರಿಗೆ ವೋಲ್ಟೇಜ್ ಬರುವುದು ಎಲ್‌ಓಟಿಯಿಂದ (ಟ್ಯೂಬಿಗೆ ಹೈವೋಲ್ಟೇಜ್ ಕೊಡುವ ಲೈನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್), ಹಾಗಾಗಿ ಅದನ್ನು ಓಡಿಸುವ ಲೈನ್ ಸೆಕ್ಷನ್ನೇ ಓಡುತ್ತಿಲ್ಲ. ಫ್ಯೂಸ್ ಬಿಚ್ಚಿದೆ. ಗಾಜು ಕಪ್ಪಾಗಿತ್ತು. ಗಾಜು ಹೀಗೆ ಕಪ್ಪಾಗಿದ್ದರೆ ಒಳಗೆಲ್ಲೋ ದೊಡ್ಡ ಶಾರ್ಟ್ ಇದೆ ಎಂದೇ ಲೆಕ್ಕ, ಸುಮ್ನೆ ಇನ್ನೊಂದು ಫ್ಯೂಸ್ ಹಾಕಿದರೆ ಅದೂ ಸುಡುತ್ತದೆ.

ಕೈ ಹಾಕುವ ಮುಂಚೆ ಮಾಡುವ ಕೆಲಸವನ್ನು ನಾನು ಎಷ್ಟು ಅವಸರವಿದ್ದರೂ ಬಿಡುವುದಿಲ್ಲ. ಕಲರ್ ಟ್ಯೂಬಿನ ಆನೋಡಿನಲ್ಲಿ (ಟ್ಯೂಬಿನ ಮೇಲೆ ರಬ್ಬರ್ ಕಪ್ ಮುಚ್ಚಿರುವ ಹೈವೋಲ್ಟೇಜ್ ಜಾಗ) 20,000 ವೋಲ್ಟಿಗೂ ಜಾಸ್ತಿ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಚಾರ್ಜ್ ಉಳಿದಿರುತ್ತದೆ. ಉದ್ದ ಸ್ಕ್ರೂಡ್ರೈವರಿಗೆ ವೈರ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಸುತ್ತ ಇರುವ ಹೆಣೆದ ಅರ್ತ್ ತಂತಿಗೆ ಸಿಕ್ಕಿಸಿ, ಒಂದು ಕೈ ಬೆನ್ನ ಹಿಂದಿಟ್ಟುಕೊಂಡು ರಬ್ಬರ್ ಕಪ್ಪಿನ ಅಡಿಗೆ ತೂರಿಸಬೇಕು. ಟಪ್ ಅನ್ನುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಮಾಡಬೇಕು, ಯಾಕೆಂದರೆ ಚಾರ್ಜ್ ಸ್ವಲ್ಪ ವಾಪಸ್ ಬರುತ್ತದೆ. ಆಮೇಲೆ ಮೇನ್ ಫಿಲ್ಟರ್ ಕೆಪಾಸಿಟರ್ ಖಾಲಿ ಮಾಡಬೇಕು. ಇನ್ನೊಂದು ವಿಷಯ, ಹಳೇ ಗೇಮ್ ಮಾನಿಟರ್‌ಗಳು ಎಷ್ಟೋ ಪೆಟ್ಟಿಗೆಯೊಳಗಿನ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ (ಮೇನ್ ಲೈನಿನಿಂದ ಮಾನಿಟರನ್ನು ಬೇರೆ ಮಾಡುವಂಥದ್ದು) ಮೂಲಕವೇ ಓಡುವಂಥವು. ಟೇಬಲ್ಲಿಗೆ ತಂದಾಗ ಆ ಟ್ರಾನ್ಸ್‌ಫಾರ್ಮರನ್ನೂ ತರಬೇಕು, ನೇರ 230 ವೋಲ್ಟಿಗೆ ಚುಚ್ಚಬಾರದು.

ಮೀಟರ್ ಹಿಡಿದೆ. ಎಲ್‌ಓಟಿಯನ್ನು ಓಡಿಸುವ ಲೈನ್ ಔಟ್‌ಪುಟ್ ಟ್ರಾನ್ಸಿಸ್ಟರಿನ ಕಲೆಕ್ಟರ್–ಎಮಿಟರ್ ಕಾಲುಗಳ ನಡುವೆ ಪೂರ್ತಿ ಶಾರ್ಟ್. ಬಿಚ್ಚಿ ನೋಡಿದರೂ ಶಾರ್ಟ್. ಮಾನಿಟರ್ ಬೋರ್ಡನ್ನು ಹೇರ್ ಡ್ರೈಯರ್‌ನಲ್ಲಿ ಒಣಗಿಸಿ, ಅದೇ ನಂಬರಿನ ಹೊಸದು ಹಾಕಿ, ಶಾರ್ಟ್ ಇದ್ದರೆ ಕರೆಂಟ್ ತಡೆಯಲಿ ಎಂದು ಸೀರೀಸ್‌ನಲ್ಲಿ 100 ವ್ಯಾಟ್ ಬಲ್ಬ್ ಕೊಟ್ಟು ಆನ್ ಮಾಡಿದೆ. ಬಲ್ಬ್ ಒಮ್ಮೆ ಬೆಳಗಿ ಮಂದವಾಯಿತು. ಶಾರ್ಟ್ ಇಲ್ಲ ಎಂದು ಬಲ್ಬ್ ತೆಗೆದೆ. ಪಿಕ್ಚರ್ ಬಂತು, ಅವರಿಗೆ ಫೋನ್ ಮಾಡಿಯೂ ಬಿಟ್ಟೆ. ಹತ್ತು ನಿಮಿಷಕ್ಕೆ ಪಿಕ್ಚರ್ ನಡುಗಿತು, ಕತ್ತಲಾಯಿತು. ಹೊಸ ಟ್ರಾನ್ಸಿಸ್ಟರ್ ಮುಟ್ಟಲಾಗದಷ್ಟು ಬಿಸಿಯಾಗಿ ಸತ್ತಿತ್ತು.

ಸತ್ತದ್ದು ಯಾವುದೆಂದು ನೋಡಿದ್ದೆ, ಯಾಕೆ ಸತ್ತಿತು ಎಂದು ಕೇಳಿರಲಿಲ್ಲ. ಥಂಡಿ ಅನ್ನುವ ಉತ್ತರ ಮೊದಲೇ ಕಿವಿಯಲ್ಲಿತ್ತು.

ಮತ್ತೆ ಮೊದಲಿಂದ ಶುರು ಮಾಡಿದೆ. ಟ್ರಾನ್ಸಿಸ್ಟರ್ ಇಲ್ಲದೆ, ಸಪ್ಲೈ ಲೈನಿಗೆ ಬಲ್ಬನ್ನೇ ಲೋಡ್ ಕೊಟ್ಟು ಅಳೆದೆ. ಬೋರ್ಡಿನ ಮೇಲೆ 120 ಎಂದು ಅಚ್ಚಾಗಿತ್ತು, ಮೀಟರ್ 121 ತೋರಿಸಿತು. ವೋಲ್ಟೇಜ್ ಏರಿಲ್ಲ. ಕಲೆಕ್ಟರಿನ ಹತ್ತಿರದ ಹೈವೋಲ್ಟೇಜ್ ಕೆಪಾಸಿಟರ್ ಸರಿಯಿತ್ತು. ಅದರ ವ್ಯಾಲ್ಯೂ ಇಳಿದಿದ್ದರೆ ಟ್ರಾನ್ಸಿಸ್ಟರ್ ಮೇಲೆ ಬೀಳುವ ವೋಲ್ಟೇಜ್ ಏರುತ್ತದೆ, ಹಾಗಾಗಿ ಅಲ್ಲಿ ಹತ್ತಿರದ ವ್ಯಾಲ್ಯೂ ಸಾಕು ಎಂದು ಬೇರೆ ಹಾಕುವುದನ್ನು ನಾನು ಒಪ್ಪುವುದಿಲ್ಲ. ಎಲ್‌ಓಟಿಯೂ ಚೆನ್ನಾಗಿತ್ತು. ಕೊನೆಗೆ ಬೋರ್ಡು ತಿರುಗಿಸಿ ಲೆನ್ಸ್ ಹಿಡಿದು ನೋಡಿದರೆ, ಆ ಟ್ರಾನ್ಸಿಸ್ಟರಿಗೆ ಸಿಗ್ನಲ್ ಕೊಡುವ ಡ್ರೈವರ್ ಟ್ರಾನ್ಸ್‌ಫಾರ್ಮರಿನ ಒಂದು ಕಾಲಿನ ಸುತ್ತ ಕೂದಲಿನಷ್ಟು ಸಣ್ಣ ಉಂಗುರ. ಡ್ರೈ ಸೋಲ್ಡರ್, ಅಂದರೆ ಬೆಸುಗೆ ಬಿರುಕು ಬಿಟ್ಟಿದೆ. ಬಿಸಿಯಾದಾಗ ಬಿಡುತ್ತದೆ, ಅಲುಗಿದಾಗ ಹತ್ತುತ್ತದೆ. ಟ್ರಾನ್ಸಿಸ್ಟರಿನ ಬೇಸ್ ಕಾಲಿಗೆ ಡ್ರೈವ್ ಸಿಗ್ನಲ್ ಸರಿಯಾಗಿ ಬರದಿದ್ದರೆ ಟ್ರಾನ್ಸಿಸ್ಟರ್ ಪೂರ್ತಿ ಆನ್ ಆಗುವುದಿಲ್ಲ. ಸೆಕೆಂಡಿಗೆ 15,000ಕ್ಕೂ ಜಾಸ್ತಿ ಸಲ ಆನ್-ಆಫ್ ಆಗಬೇಕಾದ ಪಾರ್ಟ್ ಅದು, ಪ್ರತಿ ಸಲವೂ ಅರೆಬರೆ ಆನ್ ಆದರೆ ಬೆಂದುಹೋಗದೆ ಏನಾಗುತ್ತದೆ?

ಮಳೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಭಾರದ ಪಾರ್ಟು, ವರ್ಷಗಟ್ಟಲೆ ಬಿಸಿ-ತಣ್ಣಗೆ, ಅದರ ಮೇಲೆ ಪಿಕಪ್‌ನಲ್ಲಿ ಹೊಂಡ ಬಿದ್ದ ರಸ್ತೆಯ ಕುಲುಕಾಟ. ಹಳೇ ಸೋಲ್ಡರ್ ತೆಗೆದು ಹೊಸದು ಹಾಕಿದೆ, ಎಲ್‌ಓಟಿ ಕಾಲು, ಕುತ್ತಿಗೆಯ ಸಾಕೆಟ್ಟು ಎಲ್ಲಕ್ಕೂ ಒಂದು ಕೈ ಸೋಲ್ಡರ್ ಕೊಟ್ಟೆ. ಇನ್ನೊಂದು ಹೊಸ ಟ್ರಾನ್ಸಿಸ್ಟರ್ ಹಾಕಿ ಮೂರು ಗಂಟೆ ಓಡಿಸಿದೆ. ಆಫ್ ಮಾಡಿ, ಡಿಸ್ಚಾರ್ಜ್ ಮಾಡಿ ಹೀಟ್ ಸಿಂಕ್ ಮುಟ್ಟಿದರೆ ಬೆಚ್ಚಗಿತ್ತು ಅಷ್ಟೆ.

ಅವರಿಗೆ ಒಂದೇ ಟ್ರಾನ್ಸಿಸ್ಟರಿನ ದುಡ್ಡು ಹಾಕಿದೆ. ನಾನು ಮೊದಲು ಹಾಕಿದ ಹೊಸದು ಹೋದದ್ದು ನನ್ನ ಅವಸರಕ್ಕೆ. ಲೆನ್ಸ್ ಕೊಟ್ಟು ಆ ಉಂಗುರದ ಫೋಟೋವನ್ನೂ ತೋರಿಸಿದೆ. ಪೆಟ್ಟಿಗೆ ಒಯ್ಯಲು ಬಂದ ದಿನ ಅವರ ಪಿಕಪ್‌ನಲ್ಲಿ ಟಾರ್ಪಾಲಿನ ಜೊತೆಗೆ ಹಳೇ ಹಾಸಿಗೆಯೂ ಇತ್ತು.