1844ರ ನ್ಯೂಯಾರ್ಕ್ ಚುನಾವಣೆ ಮಣಿಗಳಲ್ಲಿ: ಮೂರನೇ ವಾರ

ಮಣಿ ಎಣಿಸುವ ಕೆಲಸ ಈ ವಾರ ಮುಗಿಯಿತು. 1844ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ನ್ಯೂಯಾರ್ಕ್ ರಾಜ್ಯದ ಮತಗಳನ್ನು ಕಣ್ಣಿಗೆ ಕಾಣುವ ಹಾಗೆ ಜೋಡಿಸಬೇಕು ಅನ್ನೋದು ನನ್ನ ಆಸೆ. ಮೊದಲು ಸಾವಿರ ಮತಕ್ಕೆ ಒಂದು ಮಣಿ ಇಟ್ಟಿದ್ದೆ. ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಲಿಬರ್ಟಿ ಪಕ್ಷದ ಜೇಮ್ಸ್ ಬರ್ನಿಗೆ ಬರೀ 16 ಮಣಿ ಬಂತು. ಇಡೀ ಕಥೆ ನಿಂತಿರುವುದೇ ಅವನ ಮತಗಳ ಮೇಲೆ. ಹಾಗಾಗಿ ನೂರು ಮತಕ್ಕೆ ಒಂದು ಮಣಿ ಅಂತ ಮತ್ತೆ ಮೊದಲಿಂದ ಎಣಿಸಿದೆ.

ಡೆಮಾಕ್ರಟ್ ಪಕ್ಷದ ಪೋಲ್ಕ್‌ಗೆ 2,37,588 ಮತ, ವಿಗ್ ಪಕ್ಷದ ಹೆನ್ರಿ ಕ್ಲೇಗೆ 2,32,482. ಅಂದರೆ 2,376 ಮಣಿ, 2,325 ಮಣಿ. ಎರಡು ಜಾಡಿಗಳನ್ನು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಗೊತ್ತೇ ಆಗಲ್ಲ! ಅದಕ್ಕೆ ಹೆಚ್ಚುವರಿ 51 ಮಣಿಗಳನ್ನು ದಾರಕ್ಕೆ ಪೋಣಿಸಿ ಜಾಡಿಯ ಮುಂದೆ ಇಟ್ಟೆ. ಪಕ್ಕದಲ್ಲಿ ಬರ್ನಿಯ 158 ಮಣಿಗಳ ದಾರ. ಅದರ ಮೂರನೇ ಒಂದು ಭಾಗ ಕ್ಲೇ ಕಡೆ ಬಂದಿದ್ದರೂ ಸಾಕಿತ್ತು, ನ್ಯೂಯಾರ್ಕ್ ಕ್ಲೇ ಪಾಲಾಗುತ್ತಿತ್ತು.

ಆ ರಾಜ್ಯಕ್ಕೆ 36 ಎಲೆಕ್ಟರ್‌ಗಳು, ಅಂದರೆ ಅಧ್ಯಕ್ಷನನ್ನು ಆರಿಸುವ ಪ್ರತಿನಿಧಿಗಳು; ರಾಜ್ಯದಲ್ಲಿ ಗೆದ್ದವನಿಗೆ ಅಷ್ಟೂ ಸಿಗುತ್ತಿತ್ತು. ದೇಶದ ಲೆಕ್ಕ ಪೋಲ್ಕ್‌ಗೆ 170, ಕ್ಲೇಗೆ 105. ಆ 36 ಅತ್ತಿಂದ ಇತ್ತ ಬಂದಿದ್ದರೆ ಕ್ಲೇ 141, ಪೋಲ್ಕ್ 134.

ಬರ್ನಿಯೇ ಕ್ಲೇಯನ್ನು ಸೋಲಿಸಿದ ಅಂತ ತುಂಬಾ ಜನ ಹೇಳುತ್ತಾರೆ. ನಾನು ಒಪ್ಪಲ್ಲ. ಆಗ ಬೇರೆ ದೇಶವಾಗಿದ್ದ ಟೆಕ್ಸಾಸನ್ನು ಅಮೆರಿಕಕ್ಕೆ ಸೇರಿಸಿಕೊಳ್ಳುವುದು ಬೇಡ ಅಂತ ಏಪ್ರಿಲ್‌ನಲ್ಲಿ ಬರೆದಿದ್ದ ಕ್ಲೇ, ಜುಲೈನಲ್ಲಿ ಗುಲಾಮಗಿರಿ ಇದ್ದ ದಕ್ಷಿಣದ ಅಲಬಾಮಾ ರಾಜ್ಯಕ್ಕೆ ಬರೆದ ಪತ್ರಗಳಲ್ಲಿ ಮೆತ್ತಗಾದ. ಟೆಕ್ಸಾಸ್ ಬಂದರೆ ಗುಲಾಮಗಿರಿಗೆ ಇನ್ನಷ್ಟು ನೆಲ ಸಿಗುತ್ತದೆ ಅಂತ ಹೆದರಿದ್ದವರು ಅವನನ್ನು ಹೇಗೆ ನಂಬಬೇಕಿತ್ತು? ಅವನೇ ಗುಲಾಮರನ್ನು ಇಟ್ಟುಕೊಂಡಿದ್ದ. ಬರ್ನಿಯೂ ಒಂದು ಕಾಲದಲ್ಲಿ ಹಾಗೇ ಇದ್ದವನು, ಆದರೆ ಅವರನ್ನು ಬಿಡುಗಡೆ ಮಾಡಿದ್ದ. ಆ 158 ಮಣಿ ಸುಮ್ನೆ ವ್ಯರ್ಥವಾದ ಮತಗಳಲ್ಲ ಅಲ್ವಾ? ಅದಕ್ಕೇ ಅವನ್ನು ಎರಡು ಜಾಡಿಗಳ ಮಧ್ಯೆ, ಎಲ್ಲಕ್ಕಿಂತ ಮುಂದೆ ಇಟ್ಟಿದ್ದೇನೆ.

ಮುಂದಿನ ವಾರ ಇನ್ನೊಂದು ಜಾಡಿ ಇಡುತ್ತೇನೆ, ಖಾಲಿಯದು. ನ್ಯೂಯಾರ್ಕ್‌ನಲ್ಲಿ ಆಗ ಕಪ್ಪು ಗಂಡಸರು ಮತ ಹಾಕಬೇಕಾದರೆ 250 ಡಾಲರ್ ಬೆಲೆಯ ಆಸ್ತಿ ಇರಬೇಕಿತ್ತು. ಬಿಳಿಯರಿಗೆ ಆ ಷರತ್ತು ಇರಲಿಲ್ಲ. ಹೆಂಗಸರಿಗಂತೂ ಮತವೇ ಇರಲಿಲ್ಲ. ಆ ಜಾಡಿಗೆ ಚೀಟಿ ಬರೆದು ಅಂಟಿಸಿಯಾಗಿದೆ.