ಕನ್ನಂಬಾಡಿ ಕಟ್ಟೆಯ ಅಳತೆಯಲ್ಲಿ ಒಬ್ಬರ ಸಂಪತ್ತು

2024ರ ಜುಲೈ ತಿಂಗಳಲ್ಲಿ ನಮ್ಮ ಮಂಡ್ಯದ ಕಡೆ ಇಬ್ಬರು ಸೇರಿದರೆ ಎರಡು ಮಾತು ಬರುತ್ತಿದ್ದವು. ಕಟ್ಟೆ ಎಷ್ಟು ಅಡಿಯಾಯಿತು ಎಂಬುದು ಒಂದು, ಮುಂಬೈಯಲ್ಲಿ ನಡೆದ ಅಂಬಾನಿಯವರ ಮನೆಯ ಮದುವೆ ಇನ್ನೊಂದು. ಹಿಂದಿನ ವರ್ಷ ಬರಗಾಲದಿಂದಾಗಿ ಕೃಷ್ಣರಾಜಸಾಗರ ತುಂಬಿರಲಿಲ್ಲವಾದ್ದರಿಂದ ಮೊದಲನೆಯದು ನಮಗೆ ಬದುಕಿನ ಪ್ರಶ್ನೆಯೇ ಆಗಿತ್ತು. ಆ ಭಾನುವಾರ ನಾನು ಮೈಸೂರಿನಿಂದ ಊರಿಗೆ ಹೋಗಿದ್ದೆ. ನಮ್ಮ ಕಬ್ಬಿನ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದ ದೊಡ್ಡವ್ವ ಬದುವಿನ ಮೇಲೆ ಕುಳಿತು, ಎಲೆಗೆ ಸುಣ್ಣ ಸವರುತ್ತ, "ಅವ್ರತ್ರ ಒಟ್ಟು ಎಷ್ಟು ದುಡ್ಡದೆ ಮಗಾ?" ಎಂದು ಕೇಳಿದರು. ಒಂಬತ್ತೂವರೆ ಲಕ್ಷ ಕೋಟಿ ಎಂದೆ. ಅವರು ತಲೆಯಾಡಿಸಿದರು. ಬರೀ ಒಂಬತ್ತೂವರೆ ಕೋಟಿ ಎಂದಿದ್ದರೂ ಹಾಗೆಯೇ ತಲೆಯಾಡಿಸುತ್ತಿದ್ದರು. ನನಗೂ ಅದು ಬಾಯಿಗೆ ಬಂದ ಶಬ್ದವಾಗಿತ್ತೇ ಹೊರತು ಕಣ್ಣಿಗೆ ಕಟ್ಟುವ ಮೊತ್ತವಾಗಿರಲಿಲ್ಲ.

ಆ ಸಂಖ್ಯೆ ನಾನು ಕಲ್ಪಿಸಿದ್ದಲ್ಲ. 2024ರ ಫೋರ್ಬ್ಸ್ ಪಟ್ಟಿಯಲ್ಲಿ ಮುಕೇಶ್ ಅಂಬಾನಿಯವರ ಸಂಪತ್ತು 116 ಶತಕೋಟಿ ಡಾಲರ್ ಎಂದಿತ್ತು. ಡಾಲರಿಗೆ 83 ರೂಪಾಯಿಯಂತೆ ಗುಣಿಸಿದರೆ ಸುಮಾರು 9.6 ಲಕ್ಷ ಕೋಟಿ ರೂಪಾಯಿ ಬರುತ್ತದೆ. ಅದೇ ವರ್ಷ ಕರ್ನಾಟಕ ಸರ್ಕಾರ ಮಂಡಿಸಿದ ಬಜೆಟ್ಟಿನ ಗಾತ್ರ 3.71 ಲಕ್ಷ ಕೋಟಿ. ಆದರೆ ಬಜೆಟ್ಟೂ ದೊಡ್ಡವ್ವನ ಕಣ್ಣಿಗೆ ಕಾಣುವ ವಸ್ತುವಲ್ಲ. ಅವರು ದಿನವೂ ಕಾಣುವುದು ನಾಲೆಯ ನೀರನ್ನು. ಹಾಗಾಗಿ ಒಂದು ರೂಪಾಯಿಯನ್ನು ಒಂದು ಲೀಟರ್ ನೀರೆಂದು ಇಟ್ಟುಕೊಂಡು ಲೆಕ್ಕಕ್ಕೆ ಕುಳಿತೆ.

ಉದ್ಯೋಗ ಖಾತ್ರಿಯಲ್ಲಿ ಆ ವರ್ಷ ನಮ್ಮ ರಾಜ್ಯದ ದಿನಗೂಲಿ 349 ರೂಪಾಯಿ ಇತ್ತು. ಅಂದರೆ ದಿನವಿಡೀ ಬಿಸಿಲಲ್ಲಿ ಮಣ್ಣು ಹೊತ್ತರೆ ಇಪ್ಪತ್ತಮೂರು ಕೊಡ ನೀರು. ಯೋಜನೆಯ ನೂರು ದಿನವೂ ಕೆಲಸ ಸಿಕ್ಕರೆ 34,900 ಲೀಟರ್, ಐದು ಸಾವಿರ ಲೀಟರಿನ ಟ್ರ್ಯಾಕ್ಟರ್ ಟ್ಯಾಂಕರಿನಲ್ಲಿ ಏಳು ಟ್ಯಾಂಕರ್. ಮೈಸೂರಿನಲ್ಲಿ ಮನೆ ಕಟ್ಟಲು ಐವತ್ತು ಲಕ್ಷ ಸಾಲ ಮಾಡಿ ಇಪ್ಪತ್ತು ವರ್ಷ ಕಂತು ಕಟ್ಟುವ ನನ್ನಂಥವರ ಲೆಕ್ಕ ಸಾವಿರ ಟ್ಯಾಂಕರ್. ಇಲ್ಲಿಯವರೆಗೆ ಎಲ್ಲವೂ ಕಣ್ಣಳತೆಯಲ್ಲೇ ಇದೆ.

ಕೃಷ್ಣರಾಜಸಾಗರ 124.80 ಅಡಿ ತುಂಬಿ ನಿಂತಾಗ ಅದರಲ್ಲಿ 49.45 ಟಿಎಂಸಿ ನೀರಿರುತ್ತದೆ. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ, ಲೀಟರಿನಲ್ಲಿ ಸುಮಾರು 2,831 ಕೋಟಿ. ಗುಣಿಸಿದರೆ ಇಡೀ ಕಟ್ಟೆಯ ನೀರು 1.4 ಲಕ್ಷ ಕೋಟಿ ಲೀಟರ್. ಹೊಸ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನದ ಬಳಿ ನಿಂತು ಹಿನ್ನೀರಿನ ಹರವನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾದೀತು. ಅಷ್ಟೂ ನೀರಿನ ಒಂದೊಂದು ಲೀಟರೂ ಒಂದೊಂದು ರೂಪಾಯಿಯಾದರೆ, ಅಂಬಾನಿಯವರ ಸಂಪತ್ತಿಗೆ ಅಂಥ ಸುಮಾರು ಏಳು ಕಟ್ಟೆಗಳು ತುಂಬಿ ತುಳುಕಬೇಕು.

ಕೂಲಿಯಿಂದ ಒಂದು ಕಟ್ಟೆ ತುಂಬಲು ಎಷ್ಟು ಕಾಲ ಬೇಕೆಂದೂ ನೋಡಿದೆ. ವರ್ಷದ 365 ದಿನವೂ 349 ರೂಪಾಯಿಯಂತೆ ದುಡಿದು ಒಂದು ಕಾಸೂ ಖರ್ಚು ಮಾಡದಿದ್ದರೆ ಒಬ್ಬರಿಗೆ ಒಂದು ಕೋಟಿ ಹತ್ತು ಲಕ್ಷ ವರ್ಷ ಹಿಡಿಯುತ್ತದೆ. 2011ರ ಜನಗಣತಿಯ ಪ್ರಕಾರ ಮಂಡ್ಯ ಜಿಲ್ಲೆಯ ಜನಸಂಖ್ಯೆ 18 ಲಕ್ಷ. ಹಸುಗೂಸಿನಿಂದ ಹಿಡಿದು ಹಾಸಿಗೆ ಹಿಡಿದ ಅಜ್ಜನವರೆಗೆ ಅಷ್ಟೂ ಮಂದಿ ದಿನವೂ ಕೂಲಿಗೆ ಹೋಗಿ, ಉಪವಾಸವಿದ್ದು ಉಳಿಸಿದರೂ ಏಳು ಕಟ್ಟೆ ತುಂಬಲು ನಲವತ್ತು ವರ್ಷ ದಾಟುತ್ತದೆ.

ಇದು ತಿಜೋರಿಯಲ್ಲಿಟ್ಟ ನಗದಲ್ಲ, ಷೇರುಗಳ ಮಾರುಕಟ್ಟೆ ಬೆಲೆ ಎಂಬ ಮಾತಿದೆ. ಅದು ನಿಜವೂ ಹೌದು, ಬೆಲೆ ಕುಸಿದರೆ ಸಂಪತ್ತೂ ಕುಸಿಯುತ್ತದೆ. 2021ರ ನವೆಂಬರಿನಿಂದ 2023ರ ಜನವರಿಯೊಳಗೆ ಇಲಾನ್ ಮಸ್ಕ್ ಅವರ ಸಂಪತ್ತು ಸುಮಾರು 180 ಶತಕೋಟಿ ಡಾಲರಿನಷ್ಟು ಇಳಿಯಿತು. ನಮ್ಮ ಅಳತೆಯಲ್ಲಿ ಹತ್ತಕ್ಕೂ ಹೆಚ್ಚು ಕಟ್ಟೆ ಬರಿದಾದವು. ಅದಾದ ಮೇಲೂ ಎಂಟು ಕಟ್ಟೆ ಉಳಿದಿದ್ದವು, ಅವರು ಜಗತ್ತಿನ ಅತ್ಯಂತ ಸಿರಿವಂತರ ಸಾಲಿನಲ್ಲೇ ಇದ್ದರು. ನಮ್ಮಲ್ಲಿ ಒಂದೇ ಕಟ್ಟೆ ಅರ್ಧಕ್ಕಿಳಿದರೆ ಒಂದು ಬೆಳೆ ಹೋಗುತ್ತದೆ, ಹೆಣ್ಣುಮಗಳ ಮದುವೆ ಮುಂದಕ್ಕೆ ಹೋಗುತ್ತದೆ. ಆದ್ದರಿಂದ ಷೇರಿನ ಮಾತು ನನಗೆ ಸಮಾಧಾನ ಕೊಡುವುದಿಲ್ಲ.

ಮುಂದಿನ ವಾರ ಊರಿಗೆ ಹೋದಾಗ ದೊಡ್ಡವ್ವನಿಗೆ ಏಳು ಕಟ್ಟೆಯ ಲೆಕ್ಕ ಹೇಳಿದೆ. ಈ ಸಲ ಅವರು ತಲೆಯಾಡಿಸಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅದುಕ್ಕೆ ಒಳಹರಿವು ಎಷ್ಟು ಮಗಾ?" ಎಂದರು. ಕಟ್ಟೆಯ ಕೆಳಗೆ ಬದುಕುವವರು ಕೇಳುವ ಪ್ರಶ್ನೆಯೇ ಅದು, ನಾನು ಅದನ್ನು ಯೋಚಿಸಿರಲಿಲ್ಲ. ಅಲ್ಲೇ ಮೊಬೈಲು ತೆಗೆದು, ಬ್ಯಾಂಕಿನ ಠೇವಣಿಯಂತೆ ವರ್ಷಕ್ಕೆ ಶೇಕಡಾ 7ರ ಬಡ್ಡಿ ಬಂದರೆ ಎಂದು ಲೆಕ್ಕ ಹಾಕಿದೆ. ದಿನಕ್ಕೆ 184 ಕೋಟಿ, ಸೆಕೆಂಡಿಗೆ 21,000 ಲೀಟರಿಗೂ ಹೆಚ್ಚು, ಅಂದರೆ ಸುಮಾರು 750 ಕ್ಯೂಸೆಕ್. ಹಗಲು ರಾತ್ರಿ, ಬೇಸಿಗೆಯಲ್ಲೂ, ಮಳೆಯಿಲ್ಲದೆಯೂ.

"ನನ್ನ ನೂರು ದಿನದ ಕೂಲಿ?" ಎಂದು ಕೇಳಿದರು. ಎರಡು ಸೆಕೆಂಡೂ ಬೇಡ ದೊಡ್ಡವ್ವ ಎಂದೆ. ಅವರು ನಾಲೆಯ ಕಡೆ ನೋಡುತ್ತ ಕುಳಿತರು. ಆಮೇಲೆ ಕುಡುಗೋಲು ತೆಗೆದುಕೊಂಡು ಉಳಿದ ಸಾಲಿಗೆ ಇಳಿದರು.