ಸ್ಪೈನ್ ಫ್ಯೂಷನ್‌ಗೆ ಹಳೇ ಮನೆ ಸಜ್ಜು: ಕುಮಟಾ ಕಡೆಯ ಒಂದು ಮನೆಯ ಕೆಲಸದ ದಾಖಲೆ

ಮನೆ: ಹೆಂಚಿನದು, ಚಿರೇಕಲ್ಲಿನ ಗೋಡೆ, ಉದ್ದ ಜಗಲಿ, ಬಚ್ಚಲು ಮತ್ತು ಪಾಯಖಾನೆ ಹಿಂದುಗಡೆ. ಸರ್ಜರಿ ಆಗಬೇಕಾದವರು ಮನೆಯೊಡತಿ, ಎತ್ತರ ಐದಡಿ ಎರಡಿಂಚು. ತೊಂದರೆ ಎಲ್4-ಎಲ್5ರಲ್ಲಿ, ಅಂದರೆ ಸೊಂಟದ ನಾಲ್ಕು ಮತ್ತು ಐದನೇ ಬೆನ್ನುಮಣಿಯಲ್ಲಿ: ಮೇಲಿನ ಮಣಿ ಮುಂದಕ್ಕೆ ಜಾರಿ ಕಾಲಿಗೆ ಇಳಿಯುವ ನರ ಒತ್ತಿಕೊಂಡಿದೆ. ಒಂದೇ ಹಂತದ ಫ್ಯೂಷನ್, ಅಂದರೆ ಈ ಎರಡು ಮಣಿಗಳನ್ನಷ್ಟೇ ಬೆಸೆಯುವ ಸರ್ಜರಿ.

ಒಳಗೆ ಏನು ಕೂರಿಸುತ್ತಾರೆ ಅನ್ನುವುದು ಮನೆಯವರೆಲ್ಲರಿಗೂ ಗೊತ್ತಿರಬೇಕು. ಒಂದು ಹಂತಕ್ಕೆ ಸಾಮಾನ್ಯವಾಗಿ ನಾಲ್ಕು ಟೈಟಾನಿಯಂ ಸ್ಕ್ರೂ, ಎರಡು ರಾಡ್, ಡಿಸ್ಕ್ (ಮಣಿಗಳ ನಡುವಿನ ಮೆತ್ತೆ) ತೆಗೆದ ಜಾಗಕ್ಕೆ ಒಂದು ಕೇಜ್, ಅಂದರೆ ಒಳಗೆ ಟೊಳ್ಳಿರುವ ಪುಟ್ಟ ಆಸರೆ. ಸ್ಕ್ರೂ ಸುಮಾರು 6.5 ಮಿ.ಮೀ. ದಪ್ಪ, 40-45 ಮಿ.ಮೀ. ಉದ್ದ, ರಾಡ್ 5.5 ಮಿ.ಮೀ. ಕೇಜಿನ ಒಳಗೂ ಸುತ್ತಲೂ ಎಲುಬಿನ ಚೂರು ತುಂಬುತ್ತಾರೆ. ಎರಡು ಮಣಿ ಬೆಸೆದು ಒಂದಾಗಿಸುವುದು ಆ ಚೂರು, ಲೋಹವಲ್ಲ. ಬೆಸುಗೆ ಗಟ್ಟಿಯಾಗಲು ಆರು ತಿಂಗಳಿಂದ ವರ್ಷ ಬೇಕು. ಅಲ್ಲಿಯವರೆಗೆ ಸ್ಕ್ರೂಗಳು ಅಲುಗಾಟ ತಡೆಯುತ್ತವೆ, ಅಷ್ಟೇ. ಎಲುಬು ಕೂಡದಿದ್ದರೆ ದಿನವೂ ಬೀಳುವ ಎಳೆತಕ್ಕೆ ಸ್ಕ್ರೂ ಸಡಿಲಾಗುತ್ತದೆ, ಕೆಲವೊಮ್ಮೆ ರಾಡ್ ಮುರಿಯುತ್ತದೆ. ಆ ಎಳೆತ ಹುಟ್ಟುವುದು ಹೆಚ್ಚಾಗಿ ತಗ್ಗಿನ ಮಂಚ, ತಗ್ಗಿನ ನಲ್ಲಿ, ನೆಲದ ಅಡುಗೆಯಿಂದ. ವ್ಯಾಯಾಮದ ಹಾಳೆ ಆಸ್ಪತ್ರೆಯಲ್ಲಿ ಕೊಡುತ್ತಾರೆ; ಮನೆಯೊಳಗಿನ ಎತ್ತರಗಳ ಬಗ್ಗೆ ಕೇಳುವವರು ಕಡಿಮೆ. ಹಾಗಾಗಿ ಈ ಕೆಲಸದ ಮೊದಲ ಸಾಮಾನು ಅಳತೆ ಟೇಪು.

ಆರು ವಾರ ಮೊದಲು

ತಂಬಾಕು ಇಂದಿನಿಂದಲೇ ಬಂದ್. ಬೀಡಿ ಸಿಗರೇಟು ಸೇದದವರು "ನಮಗದು ಇಲ್ಲ" ಅನ್ನುತ್ತಾರೆ, ಕವಳದ (ಎಲೆಯಡಿಕೆಯ) ಜೊತೆಗಿನ ತಂಬಾಕಿನ ಎಸಳನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಬಿಗಿ ಮಾಡಿ ಹೊಸ ಎಲುಬು ಬೆಳೆಯುವುದನ್ನು ತಡೆಯುತ್ತದೆ. ಸೇದಿದರೂ ಅಗಿದರೂ ರಕ್ತಕ್ಕೆ ಸೇರುವುದು ಅದೇ. ಬಿಡಿಸಲು ನಿಕೋಟಿನ್ ಚೂಯಿಂಗ್ ಗಮ್ ಕೊಡುವುದಿದ್ದರೆ ಸರ್ಜನ್‌ಗೆ ಹೇಳಿಯೇ ಕೊಡಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯೇ, ವಿಟಮಿನ್ ಡಿ ಕಡಿಮೆ ಇದೆಯೇ ಎಂಬುದರ ರಕ್ತಪರೀಕ್ಷೆ ಇದೇ ವಾರ.

ಅಳತೆ: ರೋಗಿ ಮನೆಯಲ್ಲಿ ಹಾಕುವ ಚಪ್ಪಲಿ ಹಾಕಿ ಕುಳಿತಾಗ ನೆಲದಿಂದ ಮೊಣಕಾಲ ಹಿಂದಿನ ಮಡಿಕೆಯವರೆಗೆ 40 ಸೆಂ.ಮೀ. ಕುರ್ಚಿಯ ಸೀಟು ಇದಕ್ಕಿಂತ 5-6 ಸೆಂ.ಮೀ. ಮೇಲಿರಬೇಕು, ಮಂಚ ಇನ್ನೊಂದಿಷ್ಟು ಮೇಲೆ. ಸೊಂಟ ಮೊಣಕಾಲಿಗಿಂತ ತುಸು ಎತ್ತರದಲ್ಲಿದ್ದರೆ ಏಳುವಾಗ ಮುಂದಕ್ಕೆ ಬಾಗುವುದು ತಪ್ಪುತ್ತದೆ. ಅತಿ ಎತ್ತರವೂ ಆಗದು. ಅಂಗಾಲು ಪೂರ್ತಿ ನೆಲಕ್ಕೆ ತಾಗಲೇಬೇಕು.

ಈ ಮನೆಯ ಮಂಚ ಹಾಸಿಗೆ ಸೇರಿ 42 ಸೆಂ.ಮೀ.; ಬೇಕಾದದ್ದು 52. ಹಲಸಿನ ಮರದ ನಾಲ್ಕು ದಿಮ್ಮಿ, 15 ಸೆಂ.ಮೀ. ಚೌಕ, 13 ಸೆಂ.ಮೀ. ಎತ್ತರ, ಮೇಲೆ 3 ಸೆಂ.ಮೀ. ಆಳದ ಗುಳಿ. ಮಂಚದ ಕಾಲು ಗುಳಿಯಲ್ಲಿ ಕೂತರೆ ನಿವ್ವಳ 10 ಸೆಂ.ಮೀ. ಏರುತ್ತದೆ. ಗುಳಿ ಇಲ್ಲದೆ ಇಟ್ಟಿಗೆ ಕೊಟ್ಟರೆ ರೋಗಿ ಅಂಚಿಗೆ ಕುಳಿತು ಕೈ ಊರಿ ಏಳುವಾಗ ಮಂಚ ಜರುಗಿ ಇಟ್ಟಿಗೆಯಿಂದ ಇಳಿಯುತ್ತದೆ. ಹತ್ತಿ ಹಾಸಿಗೆ ಹಳೆಯದಾಗಿ ನಡುವೆ ಕುಸಿದಿತ್ತು. ಬದಲಿಗೆ ನಾಲ್ಕಿಂಚಿನ ತೆಂಗಿನ ನಾರಿನದು. ಮಂಚದ ಎಡ ಬಲ ಎರಡೂ ಕಡೆ ಎರಡೂವರೆ ಅಡಿ ಜಾಗ ಬಿಟ್ಟದ್ದಾಗಿದೆ. ಯಾವ ಮಗ್ಗುಲಲ್ಲಿ ಏಳಲು ಹಗುರವಾಗುತ್ತದೆ ಎನ್ನುವುದು ಸರ್ಜರಿ ಆದ ಮೇಲೇ ತಿಳಿಯುವುದು.

ಜಗಲಿಯ ಪ್ಲಾಸ್ಟಿಕ್ ಕುರ್ಚಿ ಬಳಕುತ್ತದೆ, ತಗ್ಗು. ಒಂದರ ಮೇಲೊಂದು ಎರಡು ಸೇರಿಸಿದರೆ ಎತ್ತರವೂ ಬರುತ್ತದೆ, ಬಳಕುವುದೂ ನಿಲ್ಲುತ್ತದೆ. ಖರ್ಚಿಲ್ಲದ ಉಪಾಯ. ಕೈಹಿಡಿ ಇರುವ ಕುರ್ಚಿಯೇ ಆಗಬೇಕು. ತೂಗುಮಂಚವನ್ನು ಬಿಚ್ಚಿ ಅಟ್ಟಕ್ಕೆ ಹಾಕಿದೆ. ಇದ್ದರೆ ಯಾರಾದರೂ ಕೂರಿಸಿಯೇ ಕೂರಿಸುತ್ತಾರೆ.

ಮೂರು ವಾರ ಮೊದಲು: ಬಚ್ಚಲು, ಪಾಯಖಾನೆ

ಇಡೀ ಕೆಲಸದಲ್ಲಿ ಹೆಚ್ಚು ತಲೆ ತಿಂದದ್ದು ಇದು.

ಗೋಡೆಗೆ ಹಿಡಿಕೆ ಬೇಕು, ಗೋಡೆ ಚಿರೇಕಲ್ಲು. ಕಲ್ಲಿನೊಳಗೆ ತೂತುಗಳು, ಮೇಲೆ ಹಳೆ ಸುಣ್ಣದ ಗಾರೆ. ಸಾಮಾನ್ಯ ಪ್ಲಾಸ್ಟಿಕ್ ಪ್ಲಗ್ ಹೊಡೆದು ಸ್ಕ್ರೂ ಬಿಗಿದರೆ ಕೈಯಲ್ಲಿ ಎಳೆದು ನೋಡುವಾಗ ಗಟ್ಟಿ ಅನಿಸುತ್ತದೆ. ಮೈಭಾರ ಬಿದ್ದ ದಿನ ಗಾರೆ ಸಮೇತ ಕಿತ್ತು ಬರುತ್ತದೆ. ಇಲ್ಲಿ 12 ಮಿ.ಮೀ. ಥ್ರೆಡ್ ರಾಡ್ ಗೋಡೆಯ ಆಚೆಗೆ ತೂರಿಸಿ, ಹೊರಗೆ 10 ಸೆಂ.ಮೀ. ಚೌಕದ 6 ಮಿ.ಮೀ. ಪ್ಲೇಟು ಕೊಟ್ಟು ನಟ್ ಬಿಗಿದಿದೆ. ಹೊರಗಿನ ತೂತಿಗೆ ಸಿಲಿಕೋನ್ ಮೆತ್ತದಿದ್ದರೆ ಮಳೆಗಾಲದಲ್ಲಿ ರಾಡಿನ ಗುಂಟ ನೀರು ಒಳಬರುತ್ತದೆ. ಆಚೆ ಬದಿ ಸಿಗದ ಗೋಡೆಗೆ ಅಂಟಿನಿಂದ ಬೋಲ್ಟ್ ಹಿಡಿಸುವ ಕೆಮಿಕಲ್ ಆ್ಯಂಕರ್, ಅದೂ ತೂತುಗಲ್ಲಿಗೆ ಬೇಕಾದ ಜಾಳಿಗೆ ಕೊಳವೆಯ (ಮೆಶ್ ಸ್ಲೀವ್) ಜೊತೆ. ಹಿಡಿಕೆ 32 ಮಿ.ಮೀ. ಸ್ಟೀಲ್ ಪೈಪು; ಗೋಡೆಗೂ ಪೈಪಿಗೂ ನಡುವೆ 4 ಸೆಂ.ಮೀ., ಅದಕ್ಕಿಂತ ಹೆಚ್ಚು ಬಿಟ್ಟರೆ ಜಾರಿದಾಗ ಮುಂಗೈ ಸಿಕ್ಕಿಕೊಳ್ಳುತ್ತದೆ. ನೆಲದಿಂದ 80 ಸೆಂ.ಮೀ. ಕರಾವಳಿಯಲ್ಲಿ 304 ದರ್ಜೆಯ ಸ್ಟೀಲಿಗೂ ಉಪ್ಪುಗಾಳಿಗೆ ಕಂದು ಚುಕ್ಕೆ ಬರುತ್ತದೆ. 316 ಸಿಕ್ಕರೆ ಅದನ್ನೇ ಹಾಕಿ. ಬಣ್ಣ ಬಳಿದ ಕಬ್ಬಿಣ ಬೇಡ. ಬಿಗಿದ ಮೇಲೆ ಮನೆಯ ಅತಿ ಭಾರದ ಆಳು ಜೋತುಬಿದ್ದು ನೋಡಬೇಕು.

ಪಾಯಖಾನೆ ಕುಕ್ಕರಗಾಲಿನದು. ಒಡೆದು ಕಮೋಡ್ ಕೂರಿಸಲು ಸಮಯವೂ ಇರಲಿಲ್ಲ, ಅಗತ್ಯವೂ ಇರಲಿಲ್ಲ. ಕಾಲಿನ ಎತ್ತರ ಹೊಂದಿಸುವ ಕಮೋಡ್ ಕುರ್ಚಿ ತಂದು, ಕೆಳಗಿನ ಬಕೆಟ್ ತೆಗೆದು, ನೇರ ಪ್ಯಾನಿನ ಮೇಲೆ ನಿಲ್ಲಿಸಿದರೆ ಆಯಿತು. ಸೀಟು 46 ಸೆಂ.ಮೀ.ಗೆ. ತೊಂದರೆ ಬರುವುದು ಪ್ಯಾನಿನ ಕಾಲಿಡುವ ದಿಂಡಿನಿಂದ: ಕುರ್ಚಿಯ ಒಂದು ಕಾಲು ಅದರ ಮೇಲೆ ಹತ್ತಿ ಕುರ್ಚಿ ಓಲಾಡುತ್ತದೆ. ಕೊಳ್ಳುವ ಮೊದಲು ಪ್ಯಾನಿನ ಹೊರ ಅಗಲ ಅಳೆದುಕೊಂಡು ಹೋಗಿ. ಕಾಲಿನ ರಬ್ಬರ್ ಬೂಟು ಸವೆದಿದ್ದರೆ ಒದ್ದೆ ಟೈಲ್ಸ್ ಮೇಲೆ ಜಾರುತ್ತದೆ, ಹೊಸದು ಹಾಕಿಸಿ.

ವಿದೇಶದ ಮಾಹಿತಿ ಪುಸ್ತಿಕೆಗಳಲ್ಲಿ ಕಾಣದ ಒಂದು ಸಂಗತಿ: ತೊಳೆದುಕೊಳ್ಳುವುದು. ಚೊಂಬು ಹಿಡಿದು ಹಿಂದಕ್ಕೆ ಕೈ ತಿರುಗಿಸಿದರೆ ಸೊಂಟ ಪೂರ್ತಿ ತಿರುಚುತ್ತದೆ, ಅದೂ ದಿನವೂ. ಬಲಗೈಗೆ ಸಿಗುವಂತೆ ಒಂದು ಮೀಟರ್ ಪೈಪಿನ ಜೆಟ್ ಸ್ಪ್ರೇ ಹಾಕಿಸಿ, ಕಾಲಗಲಿಸಿ ಮುಂದಿನಿಂದ ತೊಳೆದುಕೊಳ್ಳುವುದನ್ನು ಸರ್ಜರಿಗೆ ಮೊದಲೇ ರೂಢಿ ಮಾಡಬೇಕು. ಕೇಳಲು ಸಂಕೋಚ, ಹೇಳಲೂ ಸಂಕೋಚ; ಹಾಗಾಗಿಯೇ ಇದು ಎಲ್ಲರಿಗೂ ತಪ್ಪಿಹೋಗುತ್ತದೆ.

ಸ್ನಾನಕ್ಕೆ ಹಂಡೆಯಿಂದ ಬಗ್ಗಿ ನೀರು ತೋಡುವಂತಿಲ್ಲ. ಬಕೆಟ್ಟನ್ನು 45 ಸೆಂ.ಮೀ. ಸ್ಟೂಲಿನ ಮೇಲಿಡಿ, ತುಂಬಿಸಿಕೊಡುವುದು ಇನ್ನೊಬ್ಬರ ಕೆಲಸ. ನೀರಿನ ಬಿಸಿ ನೋಡುವುದೂ ಅವರದೇ: ಕಾಲು ಜೋಮು ಹಿಡಿದಿದ್ದರೆ ಸುಡುವುದು ರೋಗಿಗೆ ತಿಳಿಯುವುದಿಲ್ಲ.

ಮನೆಗೆ ಬರುವ ದಿನ

ಬೆನ್ನಿನ ಇಂಥ ಸರ್ಜರಿಗೆ ಉತ್ತರ ಕನ್ನಡ ಜಿಲ್ಲೆಯ ಜನ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಕಾರವಾರದವರಾದರೆ ಗೋವಾ ಎಂದು ಹೋಗುವುದೇ ರೂಢಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು 2022ರಲ್ಲಿ ಜಿಲ್ಲೆ ತುಂಬ ಎದ್ದದ್ದು ಸುಮ್ಮನೆ ಅಲ್ಲ. ಹೊಲಿಗೆ ಹಸಿ ಇರುವಾಗಲೇ ತಾಸುಗಟ್ಟಲೆ ರಸ್ತೆ ಪ್ರಯಾಣ ಮಾಡಬೇಕು.

ಕಾರಿನ ಮುಂದಿನ ಸೀಟು ಪೂರ್ತಿ ಹಿಂದಕ್ಕೆ ಸರಿಸಿ, ಬೆನ್ನು ಅರ್ಧ ಒರಗಿಸಿ, ಸೊಂಟಕ್ಕೆ ಸುತ್ತಿದ ಟವೆಲ್. ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿದರೆ, ಮೊದಲು ಹಿಂಬದಿಯಿಂದ ಕೂತು ಆಮೇಲೆ ಎರಡೂ ಕಾಲನ್ನು ಒಟ್ಟಿಗೆ ಒಳಗೆ ತಿರುಗಿಸುವುದು ಸಲೀಸು. ಹೊರಟ ಮೇಲೆ ಹಾಳೆ ತೆಗೆಯಿರಿ, ಬ್ರೇಕ್ ಹಾಕಿದಾಗ ಜಾರುತ್ತದೆ. ಮುಕ್ಕಾಲು ತಾಸಿಗೊಮ್ಮೆ ಇಳಿಸಿ ಐದು ನಿಮಿಷ ನಡೆಸಬೇಕು: ಬೆನ್ನು ಸೆಟೆಯದಿರುವುದಕ್ಕೂ, ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟದಿರುವುದಕ್ಕೂ. ಹುಬ್ಬಳ್ಳಿಯಿಂದ ಬರುವವರಿಗೆ ಅರಬೈಲ್ ಘಟ್ಟದ ತಿರುವು ಹೆದ್ದಾರಿಯ ಹೊಂಡಕ್ಕಿಂತ ಕಷ್ಟ, ಮೈ ಪಕ್ಕಕ್ಕೆ ಎಳೆಯುತ್ತದೆ. ನೋವಿನ ಮಾತ್ರೆಯ ಹೊತ್ತನ್ನು ಘಟ್ಟಕ್ಕೆ ಅರ್ಧ ತಾಸು ಮೊದಲು ಬರುವಂತೆ ಡಾಕ್ಟರನ್ನು ಕೇಳಿ ಹೊಂದಿಸಿಕೊಳ್ಳಿ. ಊರಿನ ಕೊನೆಯ ಮಣ್ಣುದಾರಿಗೆ ರಿಕ್ಷಾ ಬೇಡ, ಕಾರೇ ಮನೆಯ ದಣಪೆವರೆಗೆ (ಗೇಟಿನವರೆಗೆ) ಬರಲಿ.

ಡಿಸ್ಚಾರ್ಜ್ ಸಮ್ಮರಿ ಮತ್ತು ಇಂಪ್ಲಾಂಟ್ ಸ್ಟಿಕರ್ ಇಲ್ಲದೆ ಹೊರಡಬೇಡಿ. ಮುಂದೆ ಎಂಆರ್‌ಐ ಬೇಕಾದಾಗ, ಅಕಸ್ಮಾತ್ ಸ್ಕ್ರೂ ತೆಗೆಯಬೇಕಾದಾಗ ಯಾವ ಕಂಪನಿಯ ಯಾವ ಅಳತೆ ಎಂದು ಅದರಲ್ಲಿ ಮಾತ್ರ ಇರುತ್ತದೆ.

ಒಂದು, ಎರಡನೇ ವಾರ

ಹೆಚ್ಚಿನ ರೋಗಿಗಳ ಅನುಭವ ಒಂದೇ ಬಗೆ: ಕಾಲಿನ ಸೆಳೆತ ಹೋಗಿರುತ್ತದೆ, ಬೆನ್ನು ಮೊದಲಿಗಿಂತ ಹೆಚ್ಚು ನೋಯುತ್ತದೆ. ಕೊಯ್ದು ಸರಿಸಿದ ಸ್ನಾಯುಗಳ ನೋವು ಅದು. ಇದು ಮೊದಲೇ ಗೊತ್ತಿಲ್ಲದವರು ಸರ್ಜರಿ ಕೆಟ್ಟಿತೆಂದು ಗಾಬರಿ ಬೀಳುತ್ತಾರೆ. ಜೋಮು ಕೊನೆಗೆ ಹೋಗುವಂಥದ್ದು, ತಿಂಗಳುಗಳೇ ಬೇಕು. ಕೆಲವರಿಗೆ ಸ್ವಲ್ಪ ಉಳಿದೂಬಿಡುತ್ತದೆ.

ಏಳುವುದು: ಮೊಣಕಾಲು ಮಡಿಸಿ, ಭುಜ ಸೊಂಟ ಒಟ್ಟಿಗೇ ಮಗ್ಗುಲಿಗೆ ತಿರುಗಿ, ಕಾಲು ಕೆಳಗಿಳಿಸುತ್ತ ಮೊಣಕೈ ಊರಿ ಮೇಲೇಳಬೇಕು. ಹೊದಿಕೆ ಕಾಲಿಗೆ ಸುತ್ತಿಕೊಂಡರೆ ಸೊಂಟ ಮಾತ್ರ ತಿರುಗಿ ಭುಜ ಹಿಂದುಳಿಯುತ್ತದೆ. ಚಾದರ ಹಗುರವಾಗಿರಲಿ, ಮೊಣಕಾಲ ನಡುವೆ ದಿಂಬು.

ನಡಿಗೆ ಐದೈದು ನಿಮಿಷ, ದಿನಕ್ಕೆ ಐದಾರು ಬಾರಿ. ಮಳೆಗಾಲ, ಅಂಗಳದಲ್ಲಿ ಪಾಚಿ. ಹಾಗಾಗಿ ಜಗಲಿಯೇ ದಾರಿ. ಜಗಲಿ 9 ಮೀಟರ್ ಉದ್ದ, ಹನ್ನೊಂದು ಸಲ ದಾಟಿದರೆ ಹೆಚ್ಚುಕಡಿಮೆ 100 ಮೀಟರ್. ತುದಿಯಲ್ಲಿ ಸೊಂಟ ತಿರುಚದೆ ಸಣ್ಣ ಹೆಜ್ಜೆಗಳಲ್ಲಿ ತಿರುಗಬೇಕು. ಹೊಸ್ತಿಲಿಗೆ ಹಳದಿ ಬಣ್ಣ ಬಳಿದಿದೆ, ಕಾಲುಚೀಲ ಪೂರ್ತಿ ನಿಷೇಧ.

ಕೂರುವುದು ಒಮ್ಮೆಗೆ 20 ನಿಮಿಷ. ಇದಕ್ಕೆ ದೊಡ್ಡ ಅಡ್ಡಿ ನೋಡಲು ಬರುವ ನೆಂಟರು. ಅವರ ಚಾ ಮುಗಿಯುವವರೆಗೆ ರೋಗಿ ಮರ್ಯಾದೆಗೆ ಕೂತೇ ಇರುತ್ತಾರೆ. ಕುರ್ಚಿಯ ಪಕ್ಕ ಅಡುಗೆಮನೆಯ ಟೈಮರ್ ಇಟ್ಟಿದೆ. ಅದು ಕೂಗಿದರೆ ಯಾರಿಗೂ ಬೇಸರವಾಗುವುದಿಲ್ಲ.

ಟ್ರಮಡಾಲ್ ಥರದ ನೋವಿನ ಮಾತ್ರೆ ಮಲ ಕಟ್ಟಿಸುತ್ತದೆ, ತಿಣುಕಿದರೆ ಬೆನ್ನಿಗೆ ಹೊಡೆತ. ಮಲ ಸಡಿಲಿಸುವ ಔಷಧಿ ಡಾಕ್ಟರನ್ನು ಕೇಳಿ ಮೊದಲ ದಿನದಿಂದಲೇ. ಕಟ್ಟಿದ ಮೇಲೆ ಶುರುಮಾಡಿದರೆ ತಡವಾಯಿತು. ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುವಂತಿಲ್ಲ. ಆ ಗುಂಪಿನ ನೋವಿನ ಮಾತ್ರೆ ಬೆಸುಗೆಗೆ ಅಡ್ಡಿಯಾದೀತೆಂದು ಹಲವು ಸರ್ಜನ್‌ಗಳು ಬೇಡ ಅನ್ನುತ್ತಾರೆ.

ಹೊಲಿಗೆ ಬಿಚ್ಚುವುದು 10ರಿಂದ 14 ದಿನಕ್ಕೆ, ಊರಿನ ಆಸ್ಪತ್ರೆಯಲ್ಲೇ ಸಾಕು. ಗಾಯಕ್ಕೆ ಎಣ್ಣೆ, ಅರಿಶಿನ ಏನೂ ಬೇಡ. ಬೆನ್ನು ನೀವುವವರನ್ನು ಮನೆಗೆ ಕರೆಯಲೇಬೇಡಿ.

ಕಪಾಟಿನ ಬಾಗಿಲಿಗೆ ಅಂಟಿಸಿದ ಚೀಟಿ: 101 ಡಿಗ್ರಿ ಮೀರಿದ ಜ್ವರ, ಗಾಯದಿಂದ ಕೀವು, ನೀರಿನಂಥ ಸೋರಿಕೆ ಮತ್ತು ಎದ್ದು ಕೂತರೆ ಹೆಚ್ಚುವ ತಲೆನೋವು, ಒಂದೇ ಮೀನಖಂಡ ಊದಿ ನೋಯುವುದು. ಇವಕ್ಕೆ ಅದೇ ದಿನ ಫೋನು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ, ಪಾದ ಎತ್ತಲು ಬಾರದಿದ್ದರೆ, ಮೂತ್ರ ಕಟ್ಟಿದರೆ ಅಥವಾ ತೊಡೆಸಂದು ಮರಗಟ್ಟಿದರೆ ಬೆಳಗಿನವರೆಗೆ ಕಾಯದೆ ರಾತ್ರಿಯೇ 108.

ಮೂರರಿಂದ ಆರನೇ ವಾರ

ಹೆಚ್ಚು ಕೆಡುವುದು ಈಗ. ನೋವು ಇಳಿದಿರುತ್ತದೆ, ಬೆಸುಗೆ ಇನ್ನೂ ಶುರುವಿನಲ್ಲೇ ಇರುತ್ತದೆ. ಎತ್ತುವ ಮಿತಿ ಎರಡರಿಂದ ನಾಲ್ಕು ಕಿಲೋ. ಬಾವಿಯಿಂದ ಒಂದು ಕೊಡ ನೀರು ಹತ್ತು ಕಿಲೋ ದಾಟುತ್ತದೆ, ಸೇದುವ ಎಳೆತ ಬೇರೆ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ. ಎತ್ತದೆ ಉರುಳಿಸಿದರೂ ಬಗ್ಗಲೇಬೇಕು. ಬಾವಿಯ ಹಗ್ಗ ತೆಗೆದಿಟ್ಟದ್ದು ಹೇಳುವ ಮಾತಿಗಿಂತ ಚೆನ್ನಾಗಿ ಕೆಲಸ ಮಾಡಿದೆ.

ಅಡುಗೆಮನೆಯಲ್ಲಿ ನೆಲಕ್ಕೆ ಕೂತು ಹೆಚ್ಚುವ ಮೆಟ್ಟುಗತ್ತಿ ಮೂಲೆಗೆ, ಕಟ್ಟೆಯ ಮೇಲೆ ಚಾಕು ಮತ್ತು ಹಲಗೆ. ದಿನಬಳಕೆಯ ಡಬ್ಬಗಳೆಲ್ಲ ಸೊಂಟದಿಂದ ಎದೆಯವರೆಗಿನ ಎತ್ತರದಲ್ಲಿ. ಬಿದ್ದದ್ದನ್ನು ಎತ್ತಲು ಎರಡೂವರೆ ಅಡಿಯ ಬಿದಿರಿನ ಚಿಮಟ, ತುದಿಗೆ ಸೈಕಲ್ ಟ್ಯೂಬಿನ ತುಂಡು. ಸರ್ಜನ್ ಸೊಂಟದ ಬೆಲ್ಟ್ ಹೇಳಿದ್ದರೆ ಒಳಗೆ ಹತ್ತಿ ಬನಿಯನ್ ಕಡ್ಡಾಯ. ಇಲ್ಲಿನ ಬೆವರಿಗೆ ಎರಡೇ ದಿನದಲ್ಲಿ ಚರ್ಮ ಕೆಂಪಾಗುತ್ತದೆ. ಬನಿಯನ್ ದಿನಕ್ಕೆರಡು.

ಆರು ವಾರದ ಎಕ್ಸ್‌ರೇಯಲ್ಲಿ ಸ್ಕ್ರೂ, ಕೇಜ್ ಇಟ್ಟಲ್ಲೇ ಇವೆಯೇ ಎಂದಷ್ಟೇ ನೋಡುತ್ತಾರೆ. ಎಲುಬು ಕೂಡಿದ್ದು ಕಾಣಲು ಇದು ತೀರ ಬೇಗ.

ಮೂರನೇ ತಿಂಗಳು, ಮತ್ತು ಬಾಕಿ ಕೆಲಸ

ನಡಿಗೆ ಎರಡು ಹೊತ್ತು ಅರ್ಧ ತಾಸಿಗೆ ಬಂದಿದೆ. ಸ್ಕೂಟರ್ ಬಗ್ಗೆ ಮೂರು ತಿಂಗಳ ಎಕ್ಸ್‌ರೇ ನೋಡಿ ಸರ್ಜನ್ ಹೇಳಬೇಕು. ನೆಲದ ಪಂಕ್ತಿಯಲ್ಲಿ ಊಟ, ಪೂಜೆಗೆ ಮಣೆಯ ಮೇಲೆ ಕೂರುವುದು, ಸುಲಿಯುವ ಅಡಿಕೆಯ ರಾಶಿ ಮುಂದೆ ಕುಕ್ಕರಿಸುವುದು ಎಲ್ಲವೂ ಬೆಸುಗೆ ಖಚಿತವಾದ ಮೇಲೆ. ಆಗಲೂ ಬಗ್ಗುವುದು ಸೊಂಟದ ಕೀಲಿನಿಂದ, ಬೆನ್ನಿನಿಂದಲ್ಲ. ಬೆಸೆದ ಜಾಗ ಬಳುಕದ್ದರಿಂದ ಮೇಲಿನ, ಕೆಳಗಿನ ಡಿಸ್ಕುಗಳಿಗೆ ಹೊರೆ ಹೆಚ್ಚುತ್ತದೆ. ವರ್ಷಗಳ ಮೇಲೆ ಪಕ್ಕದ ಹಂತ ಸವೆಯುವುದು ಹೀಗೆ.

ಎಕ್ಸ್‌ರೇಯಲ್ಲಿ ಸ್ಕ್ರೂ ಸುತ್ತ ಕಪ್ಪು ಅಂಚು ಕಂಡರೆ ಸಡಿಲಾಗಿದೆಯೆಂಬ ಸೂಚನೆ. ಕಮ್ಮಿಯಾಗಿದ್ದ ಬೆನ್ನುನೋವು ಆರು ತಿಂಗಳ ಮೇಲೆ ಮತ್ತೆ ಏರುತ್ತ ಹೋದರೆ ಸಿಟಿ ಸ್ಕ್ಯಾನ್ ಕೇಳಬೇಕು.

ಬಾಕಿ: ಹಿಂದಿನ ಮೂರು ಮೆಟ್ಟಿಲಿಗೆ ಕೈಪಟ್ಟಿ, ಅಂಗಳದ ಪಾಚಿಗೆ ಬ್ಲೀಚಿಂಗ್ ಪುಡಿ ಹಾಕಿ ಉಜ್ಜುವುದು, ಹಿಡಿಕೆಯ ನಟ್‌ಗಳನ್ನು ಮಳೆ ಮುಗಿದ ಮೇಲೆ ಮತ್ತೊಮ್ಮೆ ಬಿಗಿಯುವುದು. ಮಂಚದ ದಿಮ್ಮಿ ತೆಗೆಯುವ ಯೋಚನೆ ಇಲ್ಲ. ಕಮೋಡ್ ಕುರ್ಚಿಯನ್ನು ಕೇಳಿಕೊಂಡು ಹೊನ್ನಾವರದ ಕಡೆಯಿಂದ ಈಗಾಗಲೇ ಫೋನು ಬಂದಿದೆ. ಅಲ್ಲಿಯ ಪ್ಯಾನಿನ ಅಗಲ ಕೇಳಿ, ರಬ್ಬರ್ ಬೂಟು ಬದಲಿಸಿ ಕಳಿಸಬೇಕು.